ದ್ಯುಬೊಕ್ ಎಳೆದ ಎರಡು ಗೆರೆ

ನಮ್ಮ ಲೆ ಹಾವ್ರ್ ಬಂದರಿನಲ್ಲಿ ಒಂದು ಪ್ರಾಣಿಯ ಹೆಸರನ್ನು ಯಾರೂ ಹೇಳುವುದಿಲ್ಲ. ಹುಲಿಯಲ್ಲ, ಹಾವಲ್ಲ, ತಿಮಿಂಗಿಲವೂ ಅಲ್ಲ. ಹೊಲದಲ್ಲಿ ಕುಪ್ಪಳಿಸುವ, ಗಜ್ಜರಿ ತಿನ್ನುವ, ಉದ್ದ ಕಿವಿಯ, ಯಾರ ತಂಟೆಗೂ ಹೋಗದ ಬಡಪಾಯಿ ಪ್ರಾಣಿ. ಹಿಂದೊಮ್ಮೆ ಯಾವುದೋ ಹಡಗಿನಲ್ಲಿ ಅಡುಗೆಗೆಂದು ತಂದಿದ್ದ ಅದು ಪಂಜರದಿಂದ ತಪ್ಪಿಸಿಕೊಂಡು, ಹಲಗೆಗಳ ಸಂದಿಗೆ ತುಂಬಿದ್ದ ನಾರನ್ನೆಲ್ಲ ಕಡಿದು ತಿಂದು, ಮುನ್ನೂರು ಜನರನ್ನು ಸಮುದ್ರದ ಪಾಲು ಮಾಡಿತಂತೆ. ಯಾವ ಹಡಗು, ಯಾವ ಕಾಲ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ಎಲ್ಲರೂ ಗಟ್ಟಿಯಾಗಿ ನಂಬುತ್ತಾರೆ. ಅಂದಿನಿಂದ ಹಡಗಿನಲ್ಲಾಗಲಿ, ಹಡಗು ಬಂದು ತಾಗುವ ದಕ್ಕೆಯಲ್ಲಾಗಲಿ ಆ ಎರಡಕ್ಷರ ಬಾಯಿಂದ ಬರುವಂತಿಲ್ಲ. ಮೊಂಡರ ಬಗ್ಗೆ ಗಾದೆ ಹೇಳುವಾಗಲೂ ನಾವು ‘ತಾನು ಹಿಡಿದ ಅದಕ್ಕೆ ಮೂರೇ ಕಾಲು’ ಎಂದು ನುಂಗಿಕೊಂಡು ಮುಗಿಸುತ್ತೇವೆ.

ನಾನು ಫಿರ್ಮಿನ್, ದಕ್ಕೆಯ ಮೇಲಿನ ಕ್ಷೌರದಂಗಡಿಯವನು. ನನ್ನ ಗಿರಾಕಿಗಳೆಲ್ಲ ಹಡಗಿನ ಖಲಾಸಿಗಳು. ಆದ್ದರಿಂದ ಈ ಕಥೆಯಲ್ಲಿ ನಾನೂ ಆ ಹೆಸರು ಬರೆಯುವುದಿಲ್ಲ. ಬರೆದ ಮರುದಿನದಿಂದ ನಾನು ನನ್ನ ಗಡ್ಡವನ್ನೇ ಬೋಳಿಸಿಕೊಂಡು ಕೂರಬೇಕಾಗುತ್ತದೆ.

ಕಥೆಯ ನಾಯಕ ಆನ್ಸೆಲ್ಮ್ ದ್ಯುಬೊಕ್. ಕೆನೆಲ್ ಧಣಿಗಳ ಕಾಫಿ ಗೋದಾಮಿನಲ್ಲಿ ಇಪ್ಪತ್ತಾರು ವರ್ಷದಿಂದ ಮೂಟೆ ತೂಗುವವನು. ತಕ್ಕಡಿಯ ಮುಂದೆ ನಿಂತರೆ ದೇವರಷ್ಟು ನಿಖರ; ಅಲ್ಲಿಂದ ಎರಡು ಹೆಜ್ಜೆ ಇತ್ತ ಬಂದರೆ ಅಧ್ವಾನ. ಧಣಿಗಳ ಕುದುರೆಗೆ ಟೋಪಿ ತೆಗೆದು ನಮಸ್ಕರಿಸಿ, ಧಣಿಗಳ ಬೆನ್ನು ತಟ್ಟಿದವನು ಅವನು. ಒಮ್ಮೆ ಬೆಳಿಗ್ಗೆ ನನ್ನಲ್ಲಿ ಕ್ಷೌರ ಮಾಡಿಸಿಕೊಂಡು ಹೋಗಿ, ಮಧ್ಯಾಹ್ನ ಮತ್ತೆ ಬಂದು ಕುರ್ಚಿಯಲ್ಲಿ ಕೂತಿದ್ದ. ನಾನು ಮತ್ತೆ ಮಾಡಿದೆ. ಗಿರಾಕಿ ದೇವರ ಸಮಾನ ನೋಡಿ.

ಇಂಥವನಿಗೆ ಚಿತ್ರದ ಹುಚ್ಚು ಹತ್ತಿದ್ದು ಹೇಗೆಂದರೆ, ಕಳೆದ ಬೇಸಗೆಯಲ್ಲಿ ಪ್ಯಾರಿಸ್ಸಿನಿಂದ ಒಬ್ಬ ಗಡ್ಡದ ಚಿತ್ರಕಾರ ಬಂದು ನನ್ನ ಅಂಗಡಿಯ ಮುಂದೆ ಬೀಡುಬಿಟ್ಟ. ಈಗಿನ ಹೊಸ ಪಂಥದವನು. ಹಡಗಿನ ಬದಲು ಹಡಗಿನ ಮೇಲೆ ಬಿದ್ದ ಬಿಸಿಲು ಬರೆಯುವುದು, ಮನುಷ್ಯನ ಬದಲು ಮನುಷ್ಯ ದಾಟಿಹೋದ ಗಡಿಬಿಡಿ ಬರೆಯುವುದು. ಅದಕ್ಕೆ ಅವರು ಇಂಪ್ರೆಷನ್ ಎನ್ನುತ್ತಾರೆ. ಗೋದಾಮಿನಿಂದ ನೇರವಾಗಿ ಬಂದ ದ್ಯುಬೊಕ್ ಅವನೆದುರು ಬಾಯಿ ಬಿಟ್ಟುಕೊಂಡು ನಿಂತ. ಚಿತ್ರಕಾರ ಅವನ ಮುಖ ನೋಡಿ ಏನೋ ಅಂದ. ದ್ಯುಬೊಕ್ ನನ್ನ ಅಂಗಡಿಗೆ ಓಡಿ ಬಂದ.

“ಫಿರ್ಮಿನ್, ಕೇಳಿಸ್ತಾ? ನಂಗೆ ಕಣ್ಣಿದೆಯಂತೆ! ಚಿತ್ರಗಾರನ ಕಣ್ಣು!”

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆ ಮಹಾಶಯ ಹೇಳಿದ್ದು, ‘ನಿಮ್ಮ ಕಣ್ಣಲ್ಲಿ ಏನೋ ಇದೆ’ ಎಂದು. ಕಾಫಿಯ ಹೊಟ್ಟು. ಎಡಗಣ್ಣಲ್ಲಿ. ತಿದ್ದೋಣವೆಂದರೆ ನನ್ನ ಕೈಯಲ್ಲಿ ಕತ್ತಿ, ಕತ್ತಿಯ ಕೆಳಗೆ ಗಿರಾಕಿಯ ಕುತ್ತಿಗೆ, ಮಾತಾಡುವ ಹೊತ್ತಲ್ಲ. ಆಮೇಲೆ ಹೇಳಲು ಮನಸ್ಸು ಬರಲಿಲ್ಲ.

ಮರುದಿನವೇ ದ್ಯುಬೊಕ್ ಒಂದು ಚಿತ್ರದ ಪುಸ್ತಕ ಕೊಂಡ. ಇದ್ದಿಲಿನಲ್ಲಿ ಬರೆಯುವುದು, ತಪ್ಪಿದರೆ ಬ್ರೆಡ್ಡಿನ ತಿರುಳಿನಿಂದ ಉಜ್ಜಿ ಅಳಿಸುವುದು. ಇದ್ದಿಲಿನಲ್ಲಿ ಚಿತ್ರ ಬರೆಯುವವರ ಪದ್ಧತಿಯೇ ಹಾಗೆ. ಅವನು ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು. ಅವನ ಹೆಂಡತಿ ಜೆನೋಬಿ ಬೀದಿಗೆಲ್ಲ ಕೇಳುವ ಹಾಗೆ ಅಂದಳು: “ಇದ್ದಿಲು ಒಲೆಗಿಲ್ಲ, ಬ್ರೆಡ್ಡು ಹೊಟ್ಟೆಗಿಲ್ಲ, ಎರಡೂ ಆ ಪುಸ್ತಕಕ್ಕೆ! ಇನ್ನೊಂದು ತಿಂಗಳು ಹೋದ್ರೆ ನನ್ನನ್ನೂ ಉಜ್ಜಿ ಅಳಿಸ್ತಾರೆ.”

ಒಂದು ಚಳಿಗಾಲ ಪೂರ್ತಿ ಅವನ ಹಡಗುಗಳು ಮಳೆಯಲ್ಲಿ ನೆನೆದ ಕೋಳಿಗಳ ಹಾಗೆ ಬಂದವು. ಆದರೆ ಏಪ್ರಿಲ್ ತಿಂಗಳ ಒಂದು ಭಾನುವಾರ, ಹತ್ತು ನಿಮಿಷದಲ್ಲಿ, ಅವನ ಕೈಯಿಂದ ಒಂದು ಚಿತ್ರ ಬಂತು. ದಕ್ಕೆಗೆ ತಾಗಿ ನಿಂತ, ಹಾಯಿ ಕಟ್ಟುವ ಮೂರು ಕೂವೆಮರದ ‘ಬೆಲ್ ಎಲೋದಿ’ ಹಡಗು, ಅದರ ಹಿಂದೆ ಹಾಯಿಗಳ ಕಾಡು, ಮುಂದೆ ಕುದುರೆಗಾಡಿ, ಛತ್ರಿಗಳು, ಮೀನಿನ ಬುಟ್ಟಿಗಳು, ಯಾರೋ ಯಾರನ್ನೋ ಬೈಯುತ್ತಿರುವುದು, ಒಂದು ನಾಯಿ ಎಲ್ಲಿಗೋ ಹೊರಟಿರುವುದು. ಒಂದೂ ಗೆರೆ ನೆಟ್ಟಗಿರಲಿಲ್ಲ. ಆದರೂ ಅದನ್ನು ನೋಡಿದರೆ ಮುಖಕ್ಕೆ ಗಾಳಿ ಬಡಿದ ಹಾಗಾಗುತ್ತಿತ್ತು. ನಾನು ಹೊಗಳುವವನಲ್ಲ, ಆ ದಿನ ಹೊಗಳಿದೆ. ನನ್ನ ಅಂಗಡಿಯ ಕಿಟಕಿ ಗಾಜು ಒಡೆದಿತ್ತು; ಅದಕ್ಕೆ ಅಂಟಿಸಲು ಆ ಹಾಳೆ ಕೇಳಿ ತೆಗೆದುಕೊಂಡೆ.

ಸೋಮವಾರ ಕೇರಿಯೆಲ್ಲ ಕಿಟಕಿಯ ಮುಂದೆ ಸೇರಿತು. ಎಲ್ಲರೂ ಹುಡುಕಿದ್ದು ತಮ್ಮನ್ನೇ. ಮೀನು ಮಾರುವ, ಮೂರು ಆಳು ಗಾತ್ರದ ಮದಾಮ್ ತೂತೆನ್ ಒಂದು ಕಡ್ಡಿಯಷ್ಟು ಸಣ್ಣ ಗೆರೆಯ ಮೇಲೆ ಬೆರಳಿಟ್ಟು, “ಇದು ನಾನೇ ಕಣ್ರೀ, ನನ್ನ ಸೊಂಟ ನೋಡಿ” ಅಂದಳು. ಯಾರೂ ಎದುರಾಡಲಿಲ್ಲ, ಅವಳ ಕೈಯಲ್ಲಿ ಮೀನು ಕತ್ತರಿಸುವ ಚೂರಿಯಿತ್ತು.

ಮಂಗಳವಾರ ಬೆಳಿಗ್ಗೆ ‘ಬೆಲ್ ಎಲೋದಿ’ಯ ತಾಂಡೇಲ ಗೋಲ್ವೆನ್ ಕ್ಷೌರಕ್ಕೆ ಬಂದ. ಬ್ರಿಟನಿಯವನು, ಇಪ್ಪತ್ತೆರಡು ಖಲಾಸಿಗಳ ಯಜಮಾನ. ಗುರುವಾರ ಹಡಗು ಕಾಫಿ ತರಲು ಬ್ರೆಜಿಲ್‌ಗೆ ಹೊರಡಬೇಕಿತ್ತು. ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ನೊರೆ ಹಚ್ಚುತ್ತಿದ್ದೆ. ಅವನ ಕಣ್ಣು ಕಿಟಕಿಯ ಕಡೆ ಹೋಯಿತು. ಬೆರಳು ಚಾಚಿದ.

“ಫಿರ್ಮಿನ್, ನಮ್ಮ ಹಡಗಿನ ಮೇಲೆ ಕೂತಿರೋದು ಏನದು?”

ನೋಡಿದೆ. ಹಡಗಿನ ಅಟ್ಟದ ಮೇಲೆ ಒಂದು ದುಂಡನೆಯ ಮಸಿ. ಅದರ ಮೇಲೆ ನೆಟ್ಟಗೆ ಎರಡು ಗೆರೆ. ಎರಡು ಉದ್ದ ಕಿವಿ.

ಗೋಲ್ವೆನ್ ಶಿಲುಬೆಯ ಗುರುತು ಮಾಡಿಕೊಂಡ, ಅಪಶಕುನ ಕಳೆಯಲಿ ಎಂದು ನನ್ನ ಕಬ್ಬಿಣದ ಒಲೆ ಮುಟ್ಟಿದ, ಎಡಗೆನ್ನೆಯ ನೊರೆಯ ಸಮೇತ ಎದ್ದು ಓಡಿದ. ಮಧ್ಯಾಹ್ನದೊಳಗೆ ಇಪ್ಪತ್ತೆರಡು ಖಲಾಸಿಗಳೂ ತಮ್ಮ ಗಂಟುಮೂಟೆ ಹೊತ್ತು ದಕ್ಕೆಗೆ ಇಳಿದು ಸಾಲಾಗಿ ಕೂತರು. ಅರ್ಧ ಗಡ್ಡದ ತಾಂಡೇಲ ಅವರ ಮುಂದೆ. ಆ ಮುಖ ನೋಡಿದವರೆಲ್ಲ, “ಯಾರಪ್ಪ ಇದನ್ನ ಮಾಡಿದ್ದು?” ಎಂದು ಕೇಳುತ್ತಿದ್ದರು. ನನ್ನ ಮೂವತ್ತು ವರ್ಷದ ಹೆಸರಿಗೆ ಮಸಿ ಬಿತ್ತು.

ಬುಧವಾರ ಪೊಲೀಸ್ ಕಮಿಷನರ್ ಮೊಂತೇಲ್ ಬಂದರು. ಬೆಟ್ಟದ ಸೀಮೆಯಾದ ಓವೆರ್ನ್ಯಿನವರು. ವರ್ಗವಾಗಿ ಬಂದು ಮೂರು ವಾರವಾಗಿತ್ತು. ಸಮುದ್ರವನ್ನು ಕಂಡರೆ, ಅದರಲ್ಲಿ ಇಷ್ಟೊಂದು ನೀರು ತುಂಬಲು ಯಾರು ಬಿಟ್ಟರು ಎಂಬಂತೆ ನೋಡುತ್ತಿದ್ದರು. ನನ್ನ ಕುರ್ಚಿಯಲ್ಲೇ ಕೂತು ದಫ್ತರ ತೆರೆದರು.

“ಈ ಚಿತ್ರದಲ್ಲಿ ಏನಿದೆ ಅಂತ ಇಷ್ಟು ಗಲಾಟೆ?”

“ಅದಿದೆ ಸ್ವಾಮಿ,” ಅಂದ ಗೋಲ್ವೆನ್.

“ಅದು ಅಂದ್ರೆ?”

“ಹೆಸರು ಹೇಳೋ ಹಂಗಿಲ್ಲ.”

ಕಮಿಷನರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ದೊಡ್ಡ ಮನುಷ್ಯರಾ? ಸರ್ಕಾರದಲ್ಲಿದಾರಾ?”

“ಅಷ್ಟು ದೊಡ್ಡದೇನಲ್ಲ ಸ್ವಾಮಿ. ಹೀಗೆ ಮೊಣಕಾಲಿನಷ್ಟು.”

“ಕುಳ್ಳ,” ಎಂದು ಬರೆದುಕೊಂಡರು. “ವಾಸ?”

“ಬಿಲದಲ್ಲಿ.”

“ತಲೆಮರೆಸಿಕೊಂಡಿದಾನೆ. ಮೈಮೇಲೆ ಗುರುತು?”

“ಮೈಯೆಲ್ಲ ಕೂದಲು.”

“ಸಂಸಾರಸ್ಥನಾ?”

“ಅಯ್ಯೋ, ಸಂಸಾರಕ್ಕೇನು ಬರ!” ಎಂದು ಮದಾಮ್ ತೂತೆನ್ ಬಾಯಿ ಹಾಕಿದಳು. “ತಿಂಗಳು ತಿಂಗಳು ಎಂಟೋ ಹತ್ತೋ ಮಕ್ಕಳು.”

ಕಮಿಷನರ್ ಲೇಖನಿ ನಿಂತಿತು. “ಒಬ್ಬಳೇ ಹೆಂಡ್ತಿಲಾ?”

“ಯಾರಿಗೆ ಗೊತ್ತು ಸ್ವಾಮಿ, ಕತ್ತಲಲ್ಲಿ.”

“ಇಂಥ ಲಫಂಗನ ಚಿತ್ರಾನ ಬಹಿರಂಗವಾಗಿ ತೂಗು ಹಾಕಿದೀರಲ್ರೀ! ಅವನನ್ನ ಮೊದಲು ಹಿಡೀಬೇಕು.”

“ಹಿಡಿಯೋದು ಕಷ್ಟ,” ಗೋಲ್ವೆನ್ ನಿಟ್ಟುಸಿರುಬಿಟ್ಟ. “ಭಾಳ ಜೋರು ಓಡ್ತದೆ.”

ಅರ್ಧ ಗಂಟೆ ಹೀಗೆ ನಡೆಯಿತು. ಕೊನೆಗೆ ಮದಾಮ್ ತೂತೆನ್‌ಗೆ ಸಹನೆ ತಪ್ಪಿತು. ಬುಟ್ಟಿ ಕೆಳಗಿಟ್ಟು, ಎರಡು ಬೆರಳನ್ನು ತಲೆಯ ಮೇಲೆ ನಿಲ್ಲಿಸಿ, ಆ ಮಹಾಕಾಯವನ್ನು ಹೊತ್ತು ಮೂರು ಸಲ ಕುಪ್ಪಳಿಸಿದಳು. ನನ್ನ ಸೀಸೆಗಳು ಉರುಳಿದವು. ಕಮಿಷನರ ಮುಖ ಬೆಳಗಿತು.

“ಓಹೋಹೋ! ಅದಾ!” ಎಂದು ಎದ್ದು ನಿಂತು ಆ ಎರಡಕ್ಷರವನ್ನು ಪೂರ್ತಿ ಗಂಟಲಲ್ಲಿ ಕೂಗಿದರು. “ನಮ್ಮೂರಲ್ಲಿ ಭಾನುವಾರ ಬಂತೂಂದ್ರೆ ಅದನ್ನೇ ಕಣ್ರೀ ತಿನ್ನೋದು, ಸಾಸಿವೆ ಅರೆದು ಹಾಕಿ!” ಎಂದು ಮತ್ತೊಮ್ಮೆ ಕೂಗಿದರು. ಯಾರಿಗಾದರೂ ಕೇಳಿಸದೆ ಹೋಗಿದ್ದರೆ ಎಂಬಂತೆ ಬಾಗಿಲಿಗೆ ಬಂದು ಮೂರನೆಯ ಸಲ ಕೂಗಿದರು.

ಅದುವರೆಗೆ ಒಂದು ಹಡಗಿನವರು ಮಾತ್ರ ಇಳಿದು ಕೂತಿದ್ದರು. ಐದು ನಿಮಿಷದಲ್ಲಿ ಅಕ್ಕಪಕ್ಕದ ಇನ್ನೂ ಮೂರು ಹಡಗು ಖಾಲಿಯಾದವು. ಸರ್ಕಾರ ಬಂದು ತೊಂದರೆ ಪರಿಹರಿಸುವ ರೀತಿಯೇ ಹೀಗೆ.

ಆಗ ಕೆನೆಲ್ ಧಣಿಗಳು ಕೆಂಡವಾಗಿ ಬಂದರು. ಹಡಗು ಅವರದು, ಗೋದಾಮು ಅವರದು, ತಕ್ಕಡಿಯೂ ಅವರದು. ತುಂಬಿದ ಹಡಗು ಬಂದರಿನ ಒಳಕೊಳದ ಬಾಗಿಲು ದಾಟಬೇಕಾದರೆ ಹುಣ್ಣಿಮೆಯ ಭರತ, ಅಂದರೆ ಉಬ್ಬರದ ನೀರು ಬೇಕು. ಅದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ. ತಪ್ಪಿದರೆ ಹದಿನೈದು ದಿನ ಕಾಯಬೇಕು. ಗೋದಾಮಿನಿಂದ ದ್ಯುಬೊಕ್‌ನನ್ನು ಕರೆಸಿದರು.

“ಏನೋ ಬರ್ದಿದೀಯ ನನ್ನ ಹಡಗಿನ ಮೇಲೆ?”

ದ್ಯುಬೊಕ್ ಗಾಬರಿಯಲ್ಲಿ ಟೋಪಿ ತೆಗೆಯಲು ಹೋಗಿ ನನ್ನ ನೊರೆಯ ಬಟ್ಟಲನ್ನು ಎತ್ತಿ ಹಿಡಿದ. “ಅದು... ಅದು ಪ್ರಾಣಿ ಅಲ್ಲ ಧಣಿ. ಅದು ನಿಮ್ಮ ಮದಾಮ್‌ನೋರು.”

ಅಂಗಡಿಯಲ್ಲಿದ್ದವರೆಲ್ಲ ಧಣಿಗಳ ಕಡೆ ತಿರುಗಿದರು.

“ಭಾನುವಾರ ಹಡಗು ನೋಡೋಕೆ ಬಂದಿದ್ರಲ್ಲ ಧಣಿ. ಟೋಪಿಲಿ ರಿಬ್ಬನ್ ಇತ್ತು. ಗಾಳಿ ಬಂತು, ಎರಡೂ ನೆಟ್ಟಗೆ ನಿಂತ್ವು. ನಾನು ಬರ್ದೆ.”

ಇಲ್ಲಿ ಓದುಗರು ಧಣಿಗಳ ಸಂಕಟವನ್ನು ಸ್ವಲ್ಪ ಅರಿಯಬೇಕು. ಅದು ಆ ಪ್ರಾಣಿ ಎಂದು ಒಪ್ಪಿದರೆ ಖಲಾಸಿಗಳು ಹತ್ತುವುದಿಲ್ಲ. ಅದು ತಮ್ಮ ಹೆಂಡತಿ ಎಂದು ಒಪ್ಪಿದರೆ, ಕೆನೆಲ್ ಧಣಿಗಳ ಹೆಂಡತಿಯನ್ನು ನೋಡಿ ಇಪ್ಪತ್ತೆರಡು ಖಲಾಸಿಗಳು ಅದೇ ಎಂದುಕೊಂಡು ಓಡಿಹೋದರು ಎಂದು ಊರೆಲ್ಲ ನಗುತ್ತದೆ. ಆಚೆ ಹುಲಿ, ಈಚೆ ದರಿ.

“ಅದು ನನ್ನ ಹೆಂಡ್ತಿ ಅಲ್ಲ,” ಅಂದರು ಧಣಿಗಳು. “ಅದೂ ಅಲ್ಲ. ಅದು ಏನೂ ಅಲ್ಲ! ನಾಳೆ ಹನ್ನೊಂದು ಗಂಟೆಗೆ ಎಲ್ಲರ ಮುಂದೆ ಆ ಎರಡು ಗೆರೆ ಅಳಿಸ್ತೀಯ. ಇಲ್ಲ ಅಂದ್ರೆ ನನ್ನ ತಕ್ಕಡಿ ಹತ್ರ ಕಾಲಿಡ್ಬೇಡ.”

“ಅಳಿಸಿದ್ರೆ ಗಾಳಿ ಹೋಗ್ಬಿಡುತ್ತೆ ಧಣಿ,” ಅಂದ ದ್ಯುಬೊಕ್.

“ಏನು?”

“ಗಾಳಿ. ಆ ಎರಡು ಗೆರೆಲಿ ತಾನೇ ಗಾಳಿ ಇರೋದು. ಅದು ಹೋದ್ರೆ ಹಾಯಿ, ಛತ್ರಿ, ನಾಯಿ ಎಲ್ಲ ಸತ್ತ ಹಾಗೆ.”

“ಹಿಡಿದದ್ದಕ್ಕೆ ಮೂರೇ ಕಾಲು ಅನ್ನೋ ಜಾತಿ!” ಎಂದು ಧಣಿಗಳು ಬಾಗಿಲು ಬಡಿದುಕೊಂಡು ಹೋದರು. ಒಡೆದಿದ್ದ ಗಾಜು ಇನ್ನಷ್ಟು ಒಡೆಯಿತು.

ಸಂಜೆ ಜೆನೋಬಿ ನನ್ನಲ್ಲಿಗೆ ಬಂದಳು. “ಇಪ್ಪತ್ತಾರು ವರ್ಷ ಆ ಮನುಷ್ಯ ಧಣಿಗೆ ಇಲ್ಲ ಅಂದಿಲ್ಲ ಫಿರ್ಮಿನಣ್ಣ. ನಂಗೂ ಅಂದಿಲ್ಲ. ನಮ್ಮ ಬೆಕ್ಕಿಗೂ ಅಂದಿಲ್ಲ. ಈಗ ಎರಡು ಗೆರೆಗೆ ಕೆಲಸ ಕಳ್ಕೋತಾರಂತೆ. ಎರಡು ಗೆರೆಗೆ! ನೀವಾದ್ರೂ ಹೇಳಿ.” ನಾನು ಹೇಳುತ್ತೇನೆ ಎಂದೆ. ಹೇಳಲಿಲ್ಲ. ಯಾಕೆಂದರೆ ಆ ಚಿತ್ರವನ್ನು ಎರಡು ದಿನದಿಂದ ನಾನೂ ನೋಡುತ್ತಿದ್ದೆ. ಗಾಳಿ ಇದ್ದದ್ದು ನಿಜವಾಗಿಯೂ ಅಲ್ಲೇ.

ಗುರುವಾರ ಹನ್ನೊಂದಕ್ಕೆ ನನ್ನ ಅಂಗಡಿಯ ಮುಂದೆ ಇಡೀ ಬಂದರು. ಖಲಾಸಿಗಳು ಗಂಟುಮೂಟೆಯ ಮೇಲೆ ಕೂತಿದ್ದರು. ಕಮಿಷನರ್ ಆ ಶಬ್ದ ಮತ್ತೆ ಆಡದ ಹಾಗೆ ಮದಾಮ್ ತೂತೆನ್ ಅವರ ಪಕ್ಕದಲ್ಲೇ ಚೂರಿ ಹಿಡಿದು ನಿಂತಿದ್ದಳು. ನಾನು ಚಿತ್ರವನ್ನು ಗಾಜಿನಿಂದ ಬಿಡಿಸಿ ಹಲಗೆಯ ಮೇಲಿಟ್ಟೆ. ಧಣಿಗಳು ಗಡಿಯಾರ ತೆಗೆದರು.

“ಯಾರೋ ನಿಂಗೆ ಕಣ್ಣಿದೆ ಅಂತ ಹೇಳಿದ್ದು? ಯಾವ ತಲೆಕೆಟ್ಟೋನು?”

“ಪ್ಯಾರಿಸ್ಸಿನ ಚಿತ್ರಗಾರ ಹೇಳಿದ್ರು ಧಣಿ. ಫಿರ್ಮಿನ್‌ನ ಕೇಳಿ, ಅವನೂ ಇದ್ದ.”

ಎಲ್ಲರೂ ನನ್ನ ಕಡೆ ತಿರುಗಿದರು. ದ್ಯುಬೊಕ್ ಕೂಡ. ನಾನು ಜೀವಮಾನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಬೋಳುತಲೆಯವರಿಗೆ ಕೂದಲು ಬರುತ್ತಿದೆ ಎಂದಿದ್ದೇನೆ. ಅವೆಲ್ಲ ಹೊಟ್ಟೆಪಾಡು. ಮನಸ್ಸಿಟ್ಟು ಹೇಳಿದ್ದು ಇದೊಂದೇ.

“ಹೌದು ಮಸ್ಯೂ ಕೆನೆಲ್. ನನ್ನ ಕಿವಿಯಾರೆ ಕೇಳಿದೀನಿ. ‘ಇಂಥ ಕಣ್ಣು ನಾನೆಲ್ಲೂ ನೋಡಿಲ್ಲ’ ಅಂದ್ರು.”

ಧಣಿಗಳ ಮುಖ ಕಪ್ಪಿಟ್ಟಿತು. “ಬ್ರೆಡ್ ತಗೊಂಬಾ!” ಎಂದು ಜೆನೋಬಿಗೆ ಕೂಗಿದರು.

ಪಾಪ, ಅವಳು ಕೆಲಸ ಉಳಿಯಲಿ ಎಂದು ಬೆಳಗಿನ ಬಿಸಿ ಬ್ರೆಡ್ಡನ್ನು ಮೇಲಂಗಿಯೊಳಗೆ ಸುತ್ತಿಕೊಂಡೇ ಬಂದಿದ್ದಳು. ಗಂಡನ ಕೈಗೆ ಒಂದು ತುಂಡು ಮುರಿದು ಕೊಟ್ಟಳು. ದ್ಯುಬೊಕ್ ಅದರ ತಿರುಳು ತೆಗೆದು ಬೆರಳಲ್ಲಿ ಉಂಡೆ ಮಾಡಿದ. ಚಿತ್ರದ ಮೇಲೆ ಬಾಗಿದ. ಖಲಾಸಿಗಳು ಎದ್ದು ನಿಂತರು. ಆ ಎರಡು ಗೆರೆಯ ಮೇಲೆ ಅವನ ಕೈ ಬಂತು, ನಿಂತಿತು.

ಆಮೇಲೆ ಅವನು ಆ ಉಂಡೆಯನ್ನು ಬಾಯಿಗೆ ಹಾಕಿಕೊಂಡ.

ಅಗಿದ. ನಿಧಾನವಾಗಿ, ಊರೆಲ್ಲ ನೋಡುತ್ತಿರುವಾಗ. ನುಂಗಿ, ಉಳಿದ ತುಂಡನ್ನೂ ತಿಂದ. ತೊಗಟೆಯನ್ನೂ ಬಿಡಲಿಲ್ಲ.

“ಧಣಿ,” ಅಂದ, ಬಾಯಿ ಒರೆಸಿಕೊಂಡು. “ಮುಳ್ಳು ಎಲ್ಲಿ ನಿಂತರೆ ಅಷ್ಟೇ ತೂಕ ಅಂತ ಇಪ್ಪತ್ತಾರು ವರ್ಷ ನಿಮಗೆ ಹೇಳಿದೋನು ನಾನು. ನಿಮಗೆ ಲಾಭ ಆಗ್ಲಿ ನಷ್ಟ ಆಗ್ಲಿ, ಒಂದು ದಿನಾನೂ ಮುಳ್ಳಿಗೆ ಬೆರಳು ತಾಗಿಸ್ಲಿಲ್ಲ. ಇದೂ ಅಷ್ಟೆ. ಕಂಡಿದ್ದು ಬರ್ದಿದೀನಿ. ಅಳಿಸಲ್ಲ.”

ಜೆನೋಬಿ ಗಂಡನನ್ನೇ ನೋಡುತ್ತಿದ್ದಳು. ಈಗ ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ನೀರು ತರಲು ಹೊರಟೆ. “ತಿನ್ನೋದಿದ್ರೆ ಮೊದಲೇ ಹೇಳ್ಬಾರ್ದಾ?” ಅಂದಳು. “ಬೆಣ್ಣೆ ಹಚ್ಕೊಂಡು ಬರ್ತಿದ್ದೆ.”

“ಕೆಲಸದಿಂದ ವಜಾ!” ಎಂದು ಧಣಿಗಳು ಕಿರುಚಿದರು. “ಇವತ್ತಿಂದ ನಿಂಗೂ ನಂಗೂ...”

“ಸ್ವಲ್ಪ ಸರೀರಿ, ನೋಡ್ಬೇಕು,” ಎಂಬ ಹೆಣ್ಣುದನಿ ಕೇಳಿತು. ಗುಂಪು ಇಬ್ಭಾಗವಾಯಿತು. ಮದಾಮ್ ಎಲೋದಿ ಕೆನೆಲ್. ತಲೆಯ ಮೇಲೆ ಅದೇ ಟೋಪಿ. ಗಾಳಿಯಿಲ್ಲದೆ ರಿಬ್ಬನ್ ಎರಡೂ ಜೋಲುಬಿದ್ದಿದ್ದವು. ಹಡಗಿಗೆ ಇಟ್ಟಿದ್ದು ಇವರ ಹೆಸರೇ. ಚಿತ್ರದ ಮುಂದೆ ಬಂದು ಬಹಳ ಹೊತ್ತು ನೋಡಿದರು.

“ಇದು ನಾನಾ, ಮಸ್ಯೂ ದ್ಯುಬೊಕ್?”

“ನೀವೇ ಮದಾಮ್. ಟೋಪಿ ಹಾರಿಹೋಗೋದ್ರಲ್ಲಿತ್ತು. ನೀವು ಹಿಡ್ಕೊಳ್ಲಿಲ್ಲ. ನಕ್ಕುಬಿಟ್ರಿ.”

“ಹೌದು, ನಕ್ಕಿದ್ದೆ,” ಅಂದರು ಅವರು. ಗಂಡನ ಕಡೆ ತಿರುಗಿದರು. “ನಮ್ಮ ಹಜಾರದಲ್ಲಿ ಈ ಹಡಗಿನ ಚಿತ್ರ ನಾಲ್ಕಿವೆ. ಒಂದೊಂದರಲ್ಲೂ ಹಾಯಿಯ ಹುರಿ ಎಣಿಸಿ ಬರೆಸಿದೀರಿ. ಒಂದು ಹುರಿ ಕಮ್ಮಿ ಆಗಿದ್ದಕ್ಕೆ ಒಂದನ್ನ ವಾಪಸ್ ಕಳಿಸಿದ್ರಿ. ಹನ್ನೊಂದು ವರ್ಷದಲ್ಲಿ ನನ್ನದೊಂದು ಚಿತ್ರ ಬರೆಸಬೇಕು ಅನ್ನಿಸಿತಾ?”

“ಎಲೋದಿ, ಇಷ್ಟು ಜನರ ಮುಂದೆ...”

“ಜನರ ಮುಂದೇನೇ ಹೇಳಿ. ನನ್ನ ನೋಡಿದ್ರೆ ನಿಮಗೆ ಆ ಪ್ರಾಣಿ ಥರ ಕಾಣುತ್ತಾ?”

“ಛೆ ಛೆ! ಎಲ್ಲಾದರೂ ಉಂಟಾ!”

“ಹಾಗಾದ್ರೆ ಹಡಗಿನ ಮೇಲೆ ಅದಿಲ್ಲ. ಇರೋದು ನಾನು,” ಎಂದು ಮದಾಮ್ ಲಂಗ ಎತ್ತಿ ಹಿಡಿದು ಹಡಗಿಗೆ ಚಾಚಿದ್ದ ಹಲಗೆ ಹತ್ತಿ ಹೋದರು. ಚಿತ್ರದಲ್ಲಿದ್ದ ಜಾಗದಲ್ಲೇ ನಿಂತರು. ಅರ್ಧ ಗಡ್ಡದ ಗೋಲ್ವೆನ್ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಒಂದು ಸಲ ಅದನ್ನು, ಒಂದು ಸಲ ಅವರನ್ನು ನೋಡಿದ. ಏನೂ ಹೊಂದಲಿಲ್ಲ. ಖಲಾಸಿಗಳು ಗೊಣಗಿದರು. ಧಣಿಗಳು ಗಡಿಯಾರ ನೋಡಿದರು. ಹನ್ನೆರಡಕ್ಕೆ ಹತ್ತು ನಿಮಿಷ.

ಅಷ್ಟರಲ್ಲಿ ಭರತದ ಜೊತೆ ಸಮುದ್ರದ ಕಡೆಯಿಂದ ಗಾಳಿ ಬಂತು. ಟೋಪಿಯ ಎರಡು ರಿಬ್ಬನ್ನೂ ಒಮ್ಮೆಲೆ ಎದ್ದು ನೆಟ್ಟಗೆ ನಿಂತವು. ಮದಾಮ್ ಟೋಪಿ ಹಿಡಿದುಕೊಳ್ಳಲಿಲ್ಲ, ಜೋರಾಗಿ ನಕ್ಕರು.

“ಅರೆ ಇವನ!” ಗೋಲ್ವೆನ್ ಕೂಗಿದ. “ಗೆರೆಗೆ ಗೆರೆ! ಮದಾಮ್‌ನೋರೇ ಕಣ್ರೋ! ಹತ್ರೋ, ಹತ್ರೋ!”

ನಾಲ್ಕು ಹಡಗಿನವರೂ ಹತ್ತಿದರು. ಮದಾಮ್ ಇಳಿಯುವುದೇ ತಡ, ‘ಬೆಲ್ ಎಲೋದಿ’ ಭರತದ ಮೇಲೆ ಬಾಗಿಲು ದಾಟಿ ಹೊರಟಿತು. ತಾಂಡೇಲನ ಎಡಗೆನ್ನೆ ಮಾತ್ರ ಹಾಗೇ ಬ್ರೆಜಿಲ್‌ಗೆ ಹೋಯಿತು. ಅಲ್ಲಿಯ ಕ್ಷೌರಿಕರು ನಮ್ಮ ಊರಿನ ಬಗ್ಗೆ ಏನು ತಿಳಿದುಕೊಂಡರೋ ದೇವರೇ ಬಲ್ಲ.

ಸೋಮವಾರ ಗೋದಾಮಿನಿಂದ ದ್ಯುಬೊಕ್‌ಗೆ ಕರೆ ಬಂತು. ಅವನಿಲ್ಲದೆ ಮೂರು ದಿನದಲ್ಲಿ ಒಂದು ಮೂಟೆಯೂ ಇನ್ನೊಂದರ ತೂಕಕ್ಕೆ ಹೊಂದಿರಲಿಲ್ಲವಂತೆ. ಅವನು ಹೋಗಲಿಲ್ಲ. ಧಣಿಗಳೇ ಬರಲಿ, ಚಿತ್ರದಲ್ಲಿರುವುದು ಯಾರು ಎಂದು ಬಾಯಿ ಬಿಟ್ಟು ಹೇಳಲಿ, ಆಮೇಲೆ ಬರುತ್ತೇನೆ ಎಂದ. ಬುಧವಾರ ಧಣಿಗಳು ನನ್ನ ಅಂಗಡಿಗೆ ಬಂದು, ಕೆಮ್ಮಿ, ಕಿಟಕಿ ನೋಡಿ, “ನನ್ನ ಹೆಂಡ್ತಿ” ಅಂದರು. “ಸ್ವಲ್ಪ ಗಟ್ಟಿಯಾಗಿ ಧಣಿ,” ಅಂದೆ ನಾನು. ಬೀದಿಗೆ ಕೇಳಿಸುವ ಹಾಗೆ ಇನ್ನೊಮ್ಮೆ ಅಂದರು.

ಕಮಿಷನರ್ ಮೊಂತೇಲ್‌ರಿಗೆ ಮಾತ್ರ ದಫ್ತರ ಮುಚ್ಚಲು ಬಾಕಿಯಿತ್ತು. ಒಂದು ಕಾಲಂ ಖಾಲಿ ಉಳಿದಿತ್ತು. ದ್ಯುಬೊಕ್ ಕ್ಷೌರಕ್ಕೆ ಕೂತಿದ್ದಾಗ ಬಂದು ಕೇಳಿದರು: “ಮಸ್ಯೂ ದ್ಯುಬೊಕ್, ನೀವು ಬರೆದದ್ದಕ್ಕೆ ಕಾಲು ಎಷ್ಟು?”

“ಎರಡು.”

“ಸರಿಯಾಗಿ ಯೋಚಿಸಿ ಹೇಳಿ. ಇಪ್ಪತ್ತೆರಡು ಸಾಕ್ಷಿಗಳು ನಾಲ್ಕು ಅಂತಾರೆ.”

“ಎರಡೇ,” ಅಂದ ದ್ಯುಬೊಕ್, ನೊರೆಯ ನಡುವಿನಿಂದ.

ಹಿಡಿದದ್ದಕ್ಕೆ ಮೂರೇ ಕಾಲು ಎನ್ನುವ ಮೊಂಡರನ್ನು ನಾನು ಈ ಕುರ್ಚಿಯಲ್ಲಿ ಸಾವಿರ ಜನ ನೋಡಿದ್ದೇನೆ. ಎರಡೇ ಎಂದು ಹಟ ಹಿಡಿದವನು ಇವನೊಬ್ಬನೇ, ಮತ್ತು ಲೆಕ್ಕ ಸರಿಯಿದ್ದದ್ದೂ ಇವನೊಬ್ಬನದೇ. ಮುಖ ಒರೆಸುವಾಗ ನೋಡಿದೆ, ಎಡಗಣ್ಣಲ್ಲಿ ಮತ್ತೆ ಕಾಫಿಯ ಹೊಟ್ಟು. ನಾನು ತೆಗೆಯಲಿಲ್ಲ.